ಒಂದೇ ಕಾಗದಕ್ಕೆ ಸಹಿ ಹಾಕದವರ ಒಪ್ಪಂದ

ಪ್ರಶ್ನೆ: ಉಕ್ರೇನ್ ಯುದ್ಧ ಶುರುವಾದಾಗ ನಮ್ಮ ಕಡೆಯ ಹುಡುಗರೇ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆಮೇಲೆ ಗಾಜಾ, ಆಮೇಲೆ ಇರಾನ್. ಅಮೆರಿಕದ ಮಾತು ಮೊದಲಿನಂತೆ ನಡೆಯುತ್ತಿಲ್ಲ, ಚೀನಾ ಬೆಳೆಯುತ್ತಿದೆ, ವಿಶ್ವಸಂಸ್ಥೆ ಬರೀ ಖಂಡಿಸುತ್ತಾ ಕೂತಿದೆ. ಇಂಥ ಕಾಲದಲ್ಲಿ ಮಾತುಕತೆಯಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಆಗುವುದಾದರೆ ಭಾರತವೇ ಮುಂದೆ ನಿಂತು ಯಾಕೆ ರಾಜಿ ಮಾಡಿಸಬಾರದು?
– ಹಾವೇರಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ನೀವು ಹಾವೇರಿಯಿಂದ ಕೇಳುತ್ತಿದ್ದೀರಿ. ಈ ಯುದ್ಧ ನಿಮಗೆ ದೂರದ ಸುದ್ದಿ ಅಲ್ಲ ಅಂತ ನನಗೆ ಗೊತ್ತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೋಗಿದ್ದ ನಿಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅದೇ ಹೊತ್ತಿಗೆ ಸುಮಿ ಎಂಬ ಇನ್ನೊಂದು ಊರಿನಲ್ಲಿ ನಮ್ಮ ಸುಮಾರು 700 ವಿದ್ಯಾರ್ಥಿಗಳು ಸಿಕ್ಕಿಕೊಂಡಿದ್ದರು. ದೆಹಲಿಯಿಂದ ಮಾಸ್ಕೋಗೂ ಫೋನ್ ಹೋಯಿತು, ಕೀವ್‌ಗೂ ಹೋಯಿತು. ಮಾರ್ಚ್ 8ರಂದು ಅವರು ಬಸ್ಸುಗಳಲ್ಲಿ ಹೊರಗೆ ಬಂದರು. ಯುದ್ಧವೇನೂ ನಿಲ್ಲಲಿಲ್ಲ. ಒಂದು ರಸ್ತೆ ಕೆಲವು ಗಂಟೆ ಸುಮ್ಮನಿತ್ತು, ಅಷ್ಟೇ.

ಅದೂ ಮಾತುಕತೆಯೇ. ನನ್ನ ಉತ್ತರದ ಬಹುಪಾಲು ಆ ಬಸ್ಸುಗಳಲ್ಲೇ ಇದೆ. ಮಾತುಕತೆಯಿಂದ ನಾವು ಶಾಂತಿ ಬಯಸುತ್ತೇವೆ. ಅದು ಸಾಮಾನ್ಯವಾಗಿ ಕೊಡುವುದು ಒಂದು ರಸ್ತೆ, ಒಂದು ಬಂದರು, ಒಂದು ವಾರದ ಬಿಡುವು.

ಮೊದಲು ವಿಶ್ವಸಂಸ್ಥೆಯ ವಿಷಯ ಮುಗಿಸಿಬಿಡೋಣ. 2022ರ ಫೆಬ್ರವರಿ 25ರಂದು ಭದ್ರತಾ ಮಂಡಳಿಯಲ್ಲಿ ರಷ್ಯಾದ ದಾಳಿಯನ್ನು ಖಂಡಿಸುವ ನಿರ್ಣಯ ಬಂತು. 15 ಸದಸ್ಯರಲ್ಲಿ 11 ಮಂದಿ ಪರ. ಭಾರತ, ಚೀನಾ, ಯುಎಇ ಮತ ಹಾಕಲಿಲ್ಲ. ರಷ್ಯಾ ವೀಟೋ ಹಾಕಿತು, ಅಂದರೆ ಒಬ್ಬರೇ ನಿರ್ಣಯ ತಡೆಯುವ ತನ್ನ ಹಕ್ಕು ಬಳಸಿತು, ನಿರ್ಣಯ ಬಿದ್ದುಹೋಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ರಷ್ಯಾದ್ದೇ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ನಮಗೆ ಅನಿಸುವುದು ಸಹಜ. ಗಾಜಾ ವಿಷಯದಲ್ಲಿ ಅಮೆರಿಕ ಕದನವಿರಾಮದ ನಿರ್ಣಯಗಳಿಗೆ ಹೀಗೇ ಮತ್ತೆ ಮತ್ತೆ ವೀಟೋ ಹಾಕಿತು. ಆದರೆ ಒಂದು ಮಾತು ನೆನಪಿರಲಿ. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಯುದ್ಧ ನಡೆಯುವಾಗ ಸೋವಿಯತ್ ಒಕ್ಕೂಟ ಇದೇ ವೀಟೋ ಹಾಕಿ ನಮ್ಮನ್ನು ಕಾಪಾಡಿತ್ತು. ಆಗ ನಮಗೆ ವೀಟೋ ಅನ್ಯಾಯ ಅನಿಸಿರಲಿಲ್ಲ, ಅಲ್ವಾ? ದೊಡ್ಡ ದೇಶಗಳು ಸಿಟ್ಟು ಮಾಡಿಕೊಂಡು ಎದ್ದು ಹೋಗದಿರಲಿ ಅಂತಲೇ 1945ರಲ್ಲಿ ಅದನ್ನು ಇಟ್ಟದ್ದು. ದೊಡ್ಡವರೇ ಹೊಡೆದಾಡುವಾಗ ಭದ್ರತಾ ಮಂಡಳಿಯಿಂದ ತೀರ್ಪು ನಿರೀಕ್ಷಿಸುವುದು ಸುಮ್ನೆ ಸಮಯ ಕಳೆದಂತೆ.

ಅದೇ ವಿಶ್ವಸಂಸ್ಥೆ ನ್ಯೂಯಾರ್ಕಿನಲ್ಲಿ ಕೈಕಟ್ಟಿ ಕೂತಿದ್ದ ಕಾಲದಲ್ಲೇ ಇಸ್ತಾಂಬುಲ್‌ನಲ್ಲಿ ಒಂದು ಕೆಲಸ ಮಾಡಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂವತ್ತು ವರ್ಷ ಈ ವಿಷಯದ ಪಾಠ ಹೇಳಿದವಳು ನಾನು. ಇಷ್ಟು ಚೆನ್ನಾಗಿ ಎಲ್ಲವನ್ನೂ ತೋರಿಸಿಕೊಡುವ ಉದಾಹರಣೆ ಇನ್ನೊಂದು ನನಗೆ ಸಿಕ್ಕಿಲ್ಲ.

ಯುದ್ಧಕ್ಕೆ ಮುಂಚೆ ಸೂರ್ಯಕಾಂತಿ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಹೊರಗೆ ಮಾರುತ್ತಿದ್ದ ದೇಶ ಉಕ್ರೇನ್. ನಮ್ಮ ಮನೆಗಳ ಸನ್‌ಫ್ಲವರ್ ಎಣ್ಣೆಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಮೆಕ್ಕೆಜೋಳ, ಗೋಧಿಯೂ ಅಷ್ಟೇ ಮುಖ್ಯ. ಈಜಿಪ್ಟ್, ಲೆಬನಾನ್, ಸೊಮಾಲಿಯಾದಂಥ ದೇಶಗಳ ರೊಟ್ಟಿ ಕಪ್ಪು ಸಮುದ್ರದ ಮೇಲೆ ನಿಂತಿತ್ತು. ಯುದ್ಧ ಶುರುವಾಗಿದ್ದೇ ರಷ್ಯಾದ ನೌಕಾಪಡೆ ಬಂದರುಗಳನ್ನು ಮುಚ್ಚಿತು. ರಷ್ಯಾದವರು ದಡಕ್ಕೆ ಇಳಿಯದಿರಲಿ ಅಂತ ಉಕ್ರೇನ್ ತಾನೇ ಸಮುದ್ರದಲ್ಲಿ ಮೈನ್‌ಗಳನ್ನು ಹಾಕಿತು. 2 ಕೋಟಿ ಟನ್‌ಗೂ ಜಾಸ್ತಿ ಧಾನ್ಯ ಗೋದಾಮುಗಳಲ್ಲೇ ಉಳಿಯಿತು. ಆಹಾರದ ಜಾಗತಿಕ ಬೆಲೆ 2022ರ ಮಾರ್ಚ್‌ನಲ್ಲಿ ಅಲ್ಲಿಯವರೆಗಿನ ದಾಖಲೆ ಮುಟ್ಟಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೂ ಕೆಲವು ವಾರ ನಿಲ್ಲಿಸಿತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಬಜ್ಜಿ ಅಂಗಡಿಯವರು ಬಜ್ಜಿಯ ಗಾತ್ರ ಇಳಿಸಿದ್ದು ನನಗಿನ್ನೂ ನೆನಪಿದೆ.

2022ರ ಜುಲೈ 22ರಂದು ಇಸ್ತಾಂಬುಲ್‌ನ ದೊಲ್ಮಬಾಚೆ ಅರಮನೆಯಲ್ಲಿ ಒಪ್ಪಂದವಾಯಿತು. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಗುಟೆರಸ್, ಟರ್ಕಿ ಅಧ್ಯಕ್ಷ ಎರ್ದೋಆನ್ ಇಬ್ಬರೂ ಇದ್ದರು. ರಷ್ಯಾ, ಉಕ್ರೇನ್ ಒಂದೇ ಕಾಗದಕ್ಕೆ ಸಹಿ ಹಾಕಲಿಲ್ಲ. ಉಕ್ರೇನ್ ಒಂದು ಪ್ರತಿಗೆ ಟರ್ಕಿ ಮತ್ತು ವಿಶ್ವಸಂಸ್ಥೆಯ ಜೊತೆ ಸಹಿ ಹಾಕಿತು. ರಷ್ಯಾ ಅಂಥದ್ದೇ ಇನ್ನೊಂದು ಪ್ರತಿಗೆ ಹಾಕಿತು. ಅವರು ಪರಸ್ಪರ ಏನನ್ನೂ ಒಪ್ಪಿಕೊಂಡಿಲ್ಲ. ಇಬ್ಬರೂ ಮೂರನೆಯವರಿಗೆ ಮಾತು ಕೊಟ್ಟರು.

ನಮ್ಮಪ್ಪ ಊರಲ್ಲಿ ಪಂಚಾಯ್ತಿ ಮಾಡುತ್ತಿದ್ದವರು. ಅಣ್ಣತಮ್ಮಂದಿರು ಬಾವಿಗೆ ಹೊಡೆದಾಡಿಕೊಂಡು ಬಂದರೆ ಬಾವಿ ಯಾರದ್ದು ಅಂತ ಅವರು ಕೇಳುತ್ತಲೇ ಇರಲಿಲ್ಲ. ಮೋಟಾರು ಯಾವ ರಾತ್ರಿ ಯಾರು ಹಾಕುತ್ತೀರಿ ಅಂತ ಕೇಳುತ್ತಿದ್ದರು. ಅಣ್ಣ ತಮ್ಮನಿಗೆ ಮಾತು ಕೊಡುವುದು ಬೇಡ, ನನಗೆ ಕೊಡು ಸಾಕು ಅನ್ನುತ್ತಿದ್ದರು. ಬಾವಿಯ ಕೇಸು ಕೋರ್ಟಿನಲ್ಲಿ ಹನ್ನೆರಡು ವರ್ಷ ನಡೆಯಿತು. ಬೆಳೆ ಮಾತ್ರ ಒಂದು ವರ್ಷವೂ ಒಣಗಲಿಲ್ಲ. ಇಸ್ತಾಂಬುಲ್‌ನಲ್ಲಿ ನಡೆದದ್ದೂ ಅದೇ. ಇಬ್ಬರೂ ತಮ್ಮದೆನ್ನುವ ಕ್ರೈಮಿಯಾ ಯಾರದ್ದು, ಯುದ್ಧ ಶುರು ಮಾಡಿದವರು ಯಾರು ಎಂಬುದು ಆ ಕಾಗದದಲ್ಲಿ ಇಲ್ಲ. ಯಾವ ಮೂರು ಬಂದರು, ಯಾವ ದಾರಿ, ಯಾರು ತಪಾಸಣೆ ಮಾಡುತ್ತಾರೆ, ಎಷ್ಟು ದಿನ, ಇಷ್ಟೇ ಇತ್ತು. ಬಂದರುಗಳು ಒಡೆಸಾ, ಚೊರ್ನೊಮೊರ್ಸ್ಕ್, ಪಿವ್ದೆನ್ನಿ. ಮೊದಲ ಅವಧಿ 120 ದಿನ. ಇಸ್ತಾಂಬುಲ್‌ನ ಒಂದು ಕೇಂದ್ರದಲ್ಲಿ ರಷ್ಯಾ, ಉಕ್ರೇನ್, ಟರ್ಕಿ, ವಿಶ್ವಸಂಸ್ಥೆ ನಾಲ್ಕೂ ಕಡೆಯವರು ಕೆಲಸ ಮಾಡುತ್ತಿದ್ದರು. ಖಾಲಿ ಹಡಗು ಉಕ್ರೇನಿಗೆ ಹೋಗುವಾಗ ಆಯುಧ ಇಲ್ಲ ಅಂತ ನೋಡಬೇಕು, ತುಂಬಿಕೊಂಡು ಬರುವಾಗ ಮತ್ತೆ ನೋಡಬೇಕು. ಮೈನ್‌ಗಳ ನಡುವಿನ ದಾರಿ ತೋರಿಸುವವರು ಉಕ್ರೇನಿನ ಬಂದರು ಪೈಲಟ್‌ಗಳು.

ಸಹಿ ಬಿದ್ದ ಮರುದಿನವೇ ರಷ್ಯಾದ ಕ್ಷಿಪಣಿಗಳು ಒಡೆಸಾ ಬಂದರಿಗೆ ಬಡಿದವು. ಎಲ್ಲ ಮುಗಿಯಿತು ಅಂತ ಟೀವಿಯವರು ಕೂಗಿದರು. ಮುಗಿಯಲಿಲ್ಲ. ಆಗಸ್ಟ್ 1ರಂದು ‘ರಜೋನಿ’ ಎಂಬ ಹಡಗು 26,000 ಟನ್‌ಗೂ ಹೆಚ್ಚು ಮೆಕ್ಕೆಜೋಳ ಹೊತ್ತು ಹೊರಟಿತು. ಅಕ್ಟೋಬರ್ 29ರಂದು, ಸೆವಸ್ತೊಪೋಲ್ ಬಂದರಿನ ತನ್ನ ನೌಕಾಪಡೆಯ ಮೇಲೆ ಡ್ರೋನ್ ದಾಳಿಯಾಯಿತು ಅಂತ ರಷ್ಯಾ ಒಪ್ಪಂದದಿಂದ ಎದ್ದು ನಡೆಯಿತು. ನಾಲ್ಕೇ ದಿನಕ್ಕೆ, ನವೆಂಬರ್ 2ರಂದು, ವಾಪಸ್ ಬಂತು. ಹೀಗೆ ಮುನಿಸಿಕೊಳ್ಳುತ್ತಾ, ರಮಿಸಿಕೊಳ್ಳುತ್ತಾ ಅದು 2023ರ ಜುಲೈ 17ರವರೆಗೆ ನಡೆಯಿತು. ಅಷ್ಟರಲ್ಲಿ ಸುಮಾರು 3.3 ಕೋಟಿ ಟನ್ ಧಾನ್ಯ, ಎಣ್ಣೆ ಹೊರಬಂದಿತ್ತು. ಇದರಲ್ಲಿ ದೊಡ್ಡ ಪಾಲು ಹೋದದ್ದು ಚೀನಾಕ್ಕೆ. ಹಸಿದ ದೇಶಗಳಿಗೆ ಅಂತ ಹೇಳಿ ಉಳ್ಳವರಿಗೆ ಕಳಿಸಿದರು ಎಂದು ರಷ್ಯಾ ಹಂಗಿಸಿತು. ಅರ್ಧ ನಿಜ. ಆದರೆ ಧಾನ್ಯ ಯಾರಿಗೇ ಹೋಗಲಿ, ಮಾರುಕಟ್ಟೆಗೆ ಬಂದರೆ ಎಲ್ಲರಿಗೂ ಬೆಲೆ ಇಳಿಯುತ್ತದೆ. ಅದಲ್ಲದೆ ವಿಶ್ವ ಆಹಾರ ಕಾರ್ಯಕ್ರಮ ಇದೇ ದಾರಿಯಲ್ಲಿ ಇಥಿಯೋಪಿಯಾ, ಯೆಮನ್, ಅಫ್ಘಾನಿಸ್ತಾನದಂಥ ಕಡೆಗೆ 7 ಲಕ್ಷ ಟನ್‌ಗೂ ಹೆಚ್ಚು ಗೋಧಿ ಸಾಗಿಸಿತು.

ರಷ್ಯಾದ ಇನ್ನೊಂದು ದೂರನ್ನು ಮಾತ್ರ ತಳ್ಳಿಹಾಕಬಾರದು ಅಂತ ನನಗನಿಸುತ್ತದೆ. ಇಸ್ತಾಂಬುಲ್‌ನಲ್ಲಿ ಸಹಿ ಬಿದ್ದ ದಿನವೇ ರಷ್ಯಾದ ಗೊಬ್ಬರ, ಧಾನ್ಯದ ರಫ್ತಿಗೆ ನೆರವಾಗುತ್ತೇವೆ ಅಂತ ವಿಶ್ವಸಂಸ್ಥೆ ಬೇರೆ ಕಾಗದ ಬರೆದುಕೊಟ್ಟಿತ್ತು. ಗೊಬ್ಬರದ ಮೇಲೆ ನೇರ ನಿರ್ಬಂಧ ಇರಲಿಲ್ಲ ನಿಜ. ಆದರೆ ಬ್ಯಾಂಕುಗಳು, ವಿಮೆ ಕಂಪನಿಗಳು ಹೆದರಿ ದೂರ ನಿಂತವು. ರಷ್ಯಾದ ಕೃಷಿ ಬ್ಯಾಂಕನ್ನು ಸ್ವಿಫ್ಟ್ ಪಾವತಿ ಜಾಲಕ್ಕೆ ವಾಪಸ್ ಸೇರಿಸಲಿಲ್ಲ. ಒಬ್ಬರಿಗೆ ಹಡಗು ಕೊಟ್ಟು ಇನ್ನೊಬ್ಬರಿಗೆ ಬರೀ ಭರವಸೆ ಕೊಟ್ಟರೆ ರಾಜಿ ಎಷ್ಟು ದಿನ ಬಾಳುತ್ತದೆ?

ಒಪ್ಪಂದ ಮುರಿದ ಮೇಲಿನ ಕಥೆ ನನ್ನ ವಾದಕ್ಕೆ ಅಷ್ಟು ಅನುಕೂಲ ಅಲ್ಲ. ಆದರೂ ಹೇಳಬೇಕು. 2023ರ ಆಗಸ್ಟ್‌ನಿಂದ ಉಕ್ರೇನ್ ರೊಮೇನಿಯಾ, ಬಲ್ಗೇರಿಯಾ ದಡದ ಪಕ್ಕದಲ್ಲೇ ತನ್ನದೇ ದಾರಿ ಮಾಡಿಕೊಂಡಿತು. ರಷ್ಯಾದ ಅನುಮತಿ ಕೇಳಲಿಲ್ಲ. ಸಮುದ್ರ ಡ್ರೋನ್, ಕ್ಷಿಪಣಿಗಳಿಂದ ಅದು ರಷ್ಯಾದ ಹಡಗುಗಳನ್ನು ಕಪ್ಪು ಸಮುದ್ರದ ಪಶ್ಚಿಮ ಭಾಗದಿಂದ ಓಡಿಸಿತ್ತು. ಮೊದಲ ವರ್ಷ ಮಾತು ತೆರೆದ ದಾರಿಯನ್ನು ಎರಡನೆಯ ವರ್ಷ ಆಯುಧ ತೆರೆಯಿತು. ಮಾತುಕತೆಯೇ ಎಲ್ಲ ಅಂತ ಹೇಳುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಈಗ ನೀವು ಕೇಳಿದ ಅಧಿಕಾರದ ಪಲ್ಲಟಕ್ಕೆ ಬರೋಣ. ಟರ್ಕಿಯೇ ಯಾಕೆ ಈ ರಾಜಿ ಮಾಡಿಸಿತು? ಅದು ತಟಸ್ಥ ದೇಶ ಅಲ್ಲವೇ ಅಲ್ಲ. ಅದು ಅಮೆರಿಕ, ಯುರೋಪಿನವರ ಸೇನಾ ಕೂಟವಾದ ನ್ಯಾಟೋದ ಸದಸ್ಯ. ಉಕ್ರೇನಿಗೆ ಬೈರಕ್ತರ್ ಡ್ರೋನ್ ಮಾರಿದೆ. ಅದೇ ಹೊತ್ತಿಗೆ ರಷ್ಯಾದ ಗ್ಯಾಸ್ ಕೊಳ್ಳುತ್ತದೆ, ಎಸ್-400 ಕ್ಷಿಪಣಿ ವ್ಯವಸ್ಥೆ ಕೊಂಡಿದೆ, ಪಶ್ಚಿಮದ ನಿರ್ಬಂಧಗಳಿಗೆ ಸೇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಪ್ಪು ಸಮುದ್ರದ ಬಾಗಿಲಾದ ಬಾಸ್ಫರಸ್ ಜಲಸಂಧಿಯ ಬೀಗದ ಕೈ ಅದರ ಬಳಿ ಇದೆ. 1936ರ ಮಾಂಟ್ರೂ ಒಪ್ಪಂದದ ಪ್ರಕಾರ ಯುದ್ಧಕಾಲದಲ್ಲಿ ಹೊಡೆದಾಡುವವರ ಯುದ್ಧನೌಕೆಗಳನ್ನು ಅದು ತಡೆಯಬಹುದು. 2022ರ ಫೆಬ್ರವರಿ ಕೊನೆಯಲ್ಲೇ ತಡೆಯಿತು. ಮಧ್ಯಸ್ಥರು ಅಂದರೆ ಯಾರ ಕಡೆಯೂ ಇಲ್ಲದ ಸಂಭಾವಿತರು ಅಂತ ನಾವು ಭಾವಿಸಿದ್ದೇವೆ. ಹಾಗಿದ್ದವರ ಮಾತು ಯಾರೂ ಕೇಳುವುದಿಲ್ಲ. ಇಬ್ಬರಿಗೂ ಬೇಕಾದವರು ಬೇಕು.

ಅಮೆರಿಕ ಒಂದೇ ದೊಡ್ಡಣ್ಣ ಆಗಿದ್ದ ಕಾಲದಲ್ಲಿ ಹೆಚ್ಚಿನ ಬೀಗದ ಕೈಗಳು ಒಂದೇ ಗೊಂಚಲಿನಲ್ಲಿದ್ದವು. ಈಗ ಅವು ಚೆದುರಿವೆ. ಕತಾರ್ ಒಂದು ಇಟ್ಟುಕೊಂಡಿದೆ. ಅಮೆರಿಕದ ದೊಡ್ಡ ವಾಯುನೆಲೆಯೂ ಅಲ್ಲೇ, ಹಮಾಸ್ ಕಚೇರಿಯೂ ಅಲ್ಲೇ. ತಾಲಿಬಾನ್ ಜೊತೆ ಅಮೆರಿಕ 2020ರ ಫೆಬ್ರವರಿ 29ರಂದು ಸಹಿ ಹಾಕಿದ್ದೂ ಕತಾರಿನ ರಾಜಧಾನಿ ದೋಹಾದಲ್ಲೇ. 2023ರ ನವೆಂಬರ್‌ನಲ್ಲಿ ಗಾಜಾದಲ್ಲಿ ಒಂದು ವಾರ ಗುಂಡು ನಿಂತು ಒತ್ತೆಯಾಳುಗಳು ಮನೆಗೆ ಹೋದದ್ದು ಕತಾರ್, ಈಜಿಪ್ಟ್ ಓಡಾಡಿದ್ದರಿಂದ. ಯುಎಇ ರಷ್ಯಾ-ಉಕ್ರೇನ್ ನಡುವೆ ಯುದ್ಧಕೈದಿಗಳ ವಿನಿಮಯವನ್ನು ಮತ್ತೆ ಮತ್ತೆ ಮಾಡಿಸಿದೆ. ಓಮಾನ್ ಇನ್ನೂ ಸದ್ದಿಲ್ಲದ ದೇಶ. ಇರಾನ್ ಮತ್ತು ಅಮೆರಿಕದವರು ಗುಟ್ಟಾಗಿ ಕೂತು ಮಾತಾಡಲು ಅಲ್ಲಿಗೇ ಹೋಗುವುದು. 2015ರ ಅಣು ಒಪ್ಪಂದದ ಬೀಜ ಬಿದ್ದದ್ದು ಅದರ ರಾಜಧಾನಿ ಮಸ್ಕತ್‌ನಲ್ಲಿ.

ಚೀನಾದ ಕಥೆ ಬೇರೆ. 2016ರಲ್ಲಿ ಸಂಬಂಧ ಕಡಿದುಕೊಂಡಿದ್ದ ಸೌದಿ ಅರೇಬಿಯಾ ಮತ್ತು ಇರಾನ್ 2023ರ ಮಾರ್ಚ್ 10ರಂದು ಬೀಜಿಂಗ್‌ನಲ್ಲಿ ಕೈಕುಲುಕಿದಾಗ, ‘ಅಮೆರಿಕದ ಕಾಲ ಮುಗಿಯಿತು’ ಅಂತ ಎಷ್ಟೋ ಮಂದಿ ಬರೆದರು. ನನಗೆ ಹಾಗೆ ಅನಿಸಲಿಲ್ಲ. ಎರಡು ವರ್ಷ ಬಾಗ್ದಾದಿನಲ್ಲಿ, ಮಸ್ಕತ್‌ನಲ್ಲಿ ಕೂತು ಮಾತು ಹದಗೊಳಿಸಿದವರು ಇರಾಕಿನವರು, ಓಮಾನಿನವರು. ಅಡುಗೆ ಅವರದ್ದು, ಬಡಿಸಿದ್ದು ಚೀನಾ. ಇನ್ನೂ ಹಿಂದಕ್ಕೆ ಹೋದರೆ, ಕಾರಣ 2019ರ ಸೆಪ್ಟೆಂಬರ್ 14. ಆ ದಿನ ಡ್ರೋನ್, ಕ್ಷಿಪಣಿಗಳು ಅಬ್ಕೈಕ್ ತೈಲ ಘಟಕಕ್ಕೆ ಬಡಿದು ಸೌದಿಯ ಅರ್ಧದಷ್ಟು ಎಣ್ಣೆ ಉತ್ಪಾದನೆ ಕೆಲಕಾಲ ನಿಂತಿತು. ಅಮೆರಿಕ ಇರಾನಿನ ಕಡೆ ಬೆರಳು ತೋರಿಸಿತು, ಆದರೆ ತಿರುಗಿ ಹೊಡೆಯಲಿಲ್ಲ. ನಮ್ಮ ಮನೆ ನಾವೇ ಕಾಯ್ದುಕೊಳ್ಳಬೇಕು ಅಂತ ರಿಯಾದ್‌ಗೆ ಅರ್ಥವಾಯಿತು. ಪಕ್ಕದ ಮನೆಯವರ ಜೊತೆ ಮಾತಾಡುವುದು ಅದರ ಒಂದು ಭಾಗ.

ಚೀನಾ ಇಬ್ಬರಿಂದಲೂ ಎಣ್ಣೆ ಕೊಳ್ಳುವ ಅತಿ ದೊಡ್ಡ ಗಿರಾಕಿ. ಹಾಗಾಗಿ ಇಬ್ಬರೂ ಅದರ ಮಾತು ಕೇಳಿದರು. ಆದರೆ 2025ರ ಜೂನ್‌ನಲ್ಲಿ ಇಸ್ರೇಲ್ ಇರಾನಿನ ಮೇಲೆ ಬಾಂಬ್ ಹಾಕಿದಾಗ ಚೀನಾ ಹೇಳಿಕೆ ಕೊಟ್ಟು ಸುಮ್ಮನಾಯಿತು. ಹೊಸ ಶಕ್ತಿಗೆ ಅಧ್ಯಕ್ಷ ಪೀಠದಲ್ಲಿ ಕೂರುವ ಆಸೆ ಇದೆ, ಜಾಮೀನು ನಿಲ್ಲುವ ಇಚ್ಛೆ ಇಲ್ಲ. ಹಳೆಯ ಶಕ್ತಿಗೆ ಜಾಮೀನು ನಿಲ್ಲುವ ತಾಕತ್ತಿದೆ, ಅದರ ಸಹಿ ಮೇಲೆ ನಂಬಿಕೆ ಉಳಿದಿಲ್ಲ. ಇರಾನ್ ಜೊತೆಗಿನ ಅಣು ಒಪ್ಪಂದದಿಂದ 2018ರ ಮೇ 8ರಂದು ಅಮೆರಿಕ ಒಬ್ಬಂಟಿಯಾಗಿ ಎದ್ದು ಹೋಯಿತಲ್ಲ, ಅದರ ಬಿಲ್ಲು ಮಂಗಳೂರಿಗೂ ಬಂತು. ಎಂಆರ್‌ಪಿಎಲ್ ರಿಫೈನರಿ ಇರಾನ್ ಎಣ್ಣೆಯ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದ ಕೂಡಲೇ ಭಾರತ ಆ ಖರೀದಿ ನಿಲ್ಲಿಸಬೇಕಾಯಿತು.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು 2025ರ ಕೆಲವು ದಿನಾಂಕಗಳು. ಜೂನ್ 15ಕ್ಕೆ ಮಸ್ಕತ್‌ನಲ್ಲಿ ಅಮೆರಿಕ-ಇರಾನ್ ಆರನೇ ಸುತ್ತಿನ ಮಾತುಕತೆ ನಿಗದಿಯಾಗಿತ್ತು. 13ರಂದು ಇಸ್ರೇಲ್ ದಾಳಿ ಶುರು ಮಾಡಿತು. 22ರಂದು ಮಾತುಕತೆಯ ಇನ್ನೊಂದು ಕುರ್ಚಿಯಲ್ಲಿದ್ದ ಅಮೆರಿಕವೇ ಫೋರ್ಡೊ, ನತಾಂಜ್, ಇಸ್ಫಹಾನ್‌ನ ಇರಾನಿ ಅಣು ಘಟಕಗಳ ಮೇಲೆ ಬಾಂಬ್ ಹಾಕಿತು. ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾದಲ್ಲೇ ಹಮಾಸ್ ನಾಯಕರಿದ್ದ ಕಟ್ಟಡಕ್ಕೆ ಹೊಡೆಯಿತು. ಅವರು ಆಗ ಕದನವಿರಾಮದ ಪ್ರಸ್ತಾವದ ಬಗ್ಗೆಯೇ ಚರ್ಚಿಸುತ್ತಿದ್ದರು. ಹಮಾಸ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ. ಪಂಚಾಯ್ತಿ ಕಟ್ಟೆಯ ಮೇಲೇ ಕಲ್ಲು ಬಿದ್ದರೆ ನಾಳೆ ಯಾರು ಕಟ್ಟೆ ಹತ್ತುತ್ತಾರೆ? ಆ ದಾಳಿಯಾದ ಒಂದು ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಗಾಜಾಕ್ಕೆ ಕದನವಿರಾಮ ಬಂತು. ಕತಾರ್, ಈಜಿಪ್ಟ್, ಟರ್ಕಿ ಮತ್ತೆ ಕಟ್ಟೆ ಹತ್ತಿದವು, ಅಮೆರಿಕ ಇಸ್ರೇಲಿನ ಮೇಲೆ ಒತ್ತಡ ಹಾಕಿತು. ಇದರಿಂದ ಧೈರ್ಯ ತಂದುಕೊಳ್ಳಬೇಕೋ ಅಥವಾ ಎಲ್ಲ ಬಲದ ಮೇಲೇ ನಡೆಯುತ್ತದೆ ಅಂತ ಅಂದುಕೊಳ್ಳಬೇಕೋ, ದಿನಕ್ಕೊಂದು ಥರ ಅನಿಸುತ್ತದೆ ನನಗೆ.

ಭಾರತ ಯಾಕೆ ಮುಂದೆ ನಿಲ್ಲಬಾರದು ಅಂತ ಕೇಳಿದ್ದೀರಿ. ಒಮ್ಮೆ ನಿಂತಿತ್ತು, ಅದೂ ಕೊಡಗಿನವರೊಬ್ಬರ ಮುಂದಾಳುತನದಲ್ಲಿ. ಕೊರಿಯಾ ಯುದ್ಧದ ಮಾತುಕತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿದ್ದು ಒಂದೇ ವಿಷಯಕ್ಕೆ. ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅನ್ನುವ ಕೈದಿಗಳನ್ನು ಏನು ಮಾಡುವುದು? ಕೊನೆಗೆ ಅವರನ್ನು ಮೂರನೆಯವರ ಕೈಗೆ ಒಪ್ಪಿಸೋಣ ಅಂತಾಯಿತು. 1953ರಲ್ಲಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಜನರಲ್ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಕೈದಿಗಳನ್ನು ಕಾಯಲು ಸುಮಾರು 6,000 ಭಾರತೀಯ ಸೈನಿಕರು ಹೋದರು. ಅವರು ತನ್ನ ನೆಲದ ಮೇಲೆ ಕಾಲಿಡಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಹಟ ಹಿಡಿದರು. ಹಾಗಾಗಿ ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು! 22,000ಕ್ಕೂ ಹೆಚ್ಚು ಕೈದಿಗಳು. ಎರಡೂ ಕಡೆಯವರು ಭಾರತವನ್ನು ಬೈದರು. ಎರಡೂ ಕಡೆ ಬೇಡವೆಂದ 88 ಮಂದಿ ಭಾರತೀಯ ಸೈನಿಕರ ಜೊತೆ ನಮ್ಮ ದೇಶಕ್ಕೆ ಬಂದರು.

ಈಗ ಭಾರತದ ತೂಕ ಆಗಿನದಕ್ಕಿಂತ ಎಷ್ಟೋ ಜಾಸ್ತಿ. 2024ರ ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದರು, ಆಗಸ್ಟ್‌ನಲ್ಲಿ ಕೀವ್‌ಗೆ ಹೋದರು. ಎರಡೂ ಕಡೆ ಬಾಗಿಲು ತೆರೆಯುವುದು ಸಣ್ಣ ಮಾತಲ್ಲ. ಆದರೆ ಆ ಯುದ್ಧದಲ್ಲಿ ನಮ್ಮ ಕೈಯಲ್ಲಿ ಬಾಸ್ಫರಸ್‌ನಂಥ ಬೀಗದ ಕೈ ಇಲ್ಲ. ರಷ್ಯಾದ ಎಣ್ಣೆ ಕೊಳ್ಳುವುದು ಒಂದು ಕೈ ಹೌದು. ಅದನ್ನು ತಿರುಗಿಸಿದರೆ ನಮ್ಮ ಪೆಟ್ರೋಲ್ ಬಂಕಿಗೇ ಬಿಸಿ. ಮಧ್ಯಸ್ಥಿಕೆಗೆ ಜನ ಬೇಕು. ನಮ್ಮ ವಿದೇಶಾಂಗ ಸೇವೆಯ ಅಧಿಕಾರಿಗಳು ಸಾವಿರದ ಆಸುಪಾಸು, ಇಷ್ಟು ದೊಡ್ಡ ದೇಶಕ್ಕೆ ಅದು ಏನೇನೂ ಸಾಲದು. ಇನ್ನೊಂದು ಮುಜುಗರವೂ ಇದೆ. ಪಾಕಿಸ್ತಾನದ ವಿಷಯದಲ್ಲಿ ಮೂರನೆಯವರು ಬೇಡ ಅಂತ 1972ರ ಶಿಮ್ಲಾ ಒಪ್ಪಂದದಿಂದಲೂ ನಾವು ಹೇಳುತ್ತಾ ಬಂದಿದ್ದೇವೆ. 2025ರ ಮೇ 10ರಂದು ಗುಂಡು ನಿಂತಾಗ ಟ್ರಂಪ್ ಅದು ತನ್ನ ಸಾಧನೆ ಅಂದರು. ದೆಹಲಿ ಒಪ್ಪಲಿಲ್ಲ, ಎರಡು ಸೇನೆಗಳ ಅಧಿಕಾರಿಗಳು ನೇರವಾಗಿ ಮಾತಾಡಿದ್ದು ಅಂತು. ನಮ್ಮ ಮನೆ ಜಗಳಕ್ಕೆ ಯಾರೂ ಬರಬಾರದು ಅನ್ನುವವರು ಊರಿನ ಜಗಳಕ್ಕೆ ಹೋಗುವಾಗ ಸ್ವಲ್ಪ ಮೆತ್ತಗೆ ಹೋಗಬೇಕಾಗುತ್ತದೆ.

ಹಾಗಾಗಿ ಭಾರತ ದೊಡ್ಡ ಶಾಂತಿ ಸಮ್ಮೇಳನ ನಡೆಸಲಿ ಅಂತ ನಾನು ಬಯಸುವುದಿಲ್ಲ. ಸುಮಿಯ ಬಸ್ಸುಗಳಂಥ ಕೆಲಸ ಜಾಸ್ತಿ ಮಾಡಲಿ. ಕೈದಿಗಳು, ಮಕ್ಕಳು, ಗೊಬ್ಬರದ ಹಡಗು, ಅಣು ಸ್ಥಾವರದ ಸುತ್ತ ಒಂದಿಷ್ಟು ಗುಂಡಿಲ್ಲದ ಜಾಗ. ಇವಕ್ಕೆ ಫೋಟೋ ಬರುವುದಿಲ್ಲ, ಬೈಗುಳ ಬರುತ್ತದೆ.

ತಿಮ್ಮಯ್ಯನವರ ಕಥೆಗೆ ಒಂದು ಕೊನೆಯ ಭಾಗ ಇದೆ. ನಿವೃತ್ತರಾದ ಮೇಲೆ ಅವರು ಸೈಪ್ರಸ್‌ಗೆ ಹೋದರು, ಅಲ್ಲಿನ ವಿಶ್ವಸಂಸ್ಥೆ ಶಾಂತಿಪಡೆಯ ಮುಖ್ಯಸ್ಥರಾಗಿ. ಗ್ರೀಕ್ ಸೈಪ್ರಿಯಟ್ಟರು, ತುರ್ಕಿ ಸೈಪ್ರಿಯಟ್ಟರು ಹೊಡೆದಾಡಿಕೊಳ್ಳದಂತೆ ನೋಡಿಕೊಳ್ಳುವ ಕೆಲಸ. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು. 1964ರ ಮಾರ್ಚ್‌ನಲ್ಲಿ ಆ ಪಡೆಯನ್ನು ಕಳಿಸಿದ್ದು ಮೂರು ತಿಂಗಳಿಗೆ. ಆರು ದಶಕ ಕಳೆದರೂ ಅದು ಅಲ್ಲೇ ಇದೆ. ರಾಜಧಾನಿ ನಿಕೋಸಿಯಾದ ನಡುವೆ ಗೆರೆ ಇದೆ, ಜಗಳ ಬಗೆಹರಿದಿಲ್ಲ, ಮಾತುಕತೆ ಬಿಟ್ಟು ಬಿಟ್ಟು ನಡೆಯುತ್ತದೆ. 1974ರ ನಂತರ ಆ ದ್ವೀಪದಲ್ಲಿ ಯುದ್ಧ ಆಗಿಲ್ಲ.